ಬ್ಯಾಟರಿ ಇಲ್ಲದ ಮೂರು ಗಂಟೆ

ದೀಪ ಮುಟ್ಟಿ ಹೇಳುತ್ತೇನೆ, ಇದರಲ್ಲಿ ನಾನು ಸೇರಿಸಿದ ಮಾತು ಒಂದೂ ಇಲ್ಲ. ಕಥೆ ಕಟ್ಟುವ ಹಾಗಿದ್ದರೆ ನನ್ನ ತಪ್ಪನ್ನು ಮೊದಲು ತೆಗೆದುಹಾಕಿ ಆಮೇಲೆ ಉಳಿದದ್ದನ್ನು ಹೇಳುತ್ತಿದ್ದೆ.

ನನ್ನ ಹೆಸರು ಸುಮಿತ್ರಾ. ಮನೆಮನೆಗೆ ಹೋಗಿ ಯುಪಿಎಸ್, ಬ್ಯಾಟರಿ ರಿಪೇರಿ ಮಾಡುವುದು ನನ್ನ ಕಸುಬು. ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಹಾಕಿದ ಅಂಗಡಿ ಅದು. ಅವರ ಕೈ ನಡುಗಲು ಶುರುವಾದ ಮೇಲೆ ಸ್ಕ್ರೂಡ್ರೈವರ್ ನನ್ನ ಕೈಗೆ ಬಂತು. ಕರೆಂಟ್ ಹೋದಾಗ ಜನರ ಮನೆಯ ಫ್ಯಾನು, ಟಿವಿ, ವೈಫೈ ನಿಲ್ಲದ ಹಾಗೆ ನೋಡಿಕೊಳ್ಳುವ ಕೆಲಸ. ಇದರಲ್ಲಿ ದೆವ್ವಕ್ಕೆ ಜಾಗವಿಲ್ಲ. ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಓಡುತ್ತದೆ, ಇಲ್ಲದಿದ್ದರೆ ನಿಲ್ಲುತ್ತದೆ. ಅಷ್ಟೇ... ಅಂದುಕೊಂಡಿದ್ದೆ.

ಭದ್ರಾವತಿಯ ಜನ್ನಾಪುರದಲ್ಲಿ ನಾಗರತ್ನ ಟೀಚರ್ ಎಂದು ಒಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಮದುವೆಯಾಗಿಲ್ಲ. ಅವರ ಜೊತೆಗಿದ್ದವನು ತಮ್ಮ ಚಂದ್ರು, ನಲವತ್ತು ದಾಟಿದವನು. ಮದುವೆ, ಗಣಪತಿ, ಶಾಲೆಯ ವಾರ್ಷಿಕೋತ್ಸವ ಎಂದು ಊರೆಲ್ಲ ಮೈಕ್ ಸೆಟ್ ಹಾಕುತ್ತಿದ್ದವನಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬಂತು. ಮನೆಯಲ್ಲೇ ಆಕ್ಸಿಜನ್ ಕೊಡಬೇಕು ಎಂದರು ಡಾಕ್ಟರು. ಯಾರೋ ಪುಣ್ಯಾತ್ಮರು ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಡುವ ಹಳೆಯ ಮೆಷಿನ್ ಒಂದನ್ನು ಉಚಿತವಾಗಿ ಬಳಸಲು ಕೊಟ್ಟರು. ಅದು ಓಡುವುದು ಕರೆಂಟಿನಲ್ಲಿ. ಕರೆಂಟ್ ಹೋದರೆ?

ಅದಕ್ಕೇ ನನ್ನನ್ನು ಕರೆದದ್ದು.

ಹಾಲ್‌ನ ಮೂಲೆಯಲ್ಲಿ ಯುಪಿಎಸ್ ಇಟ್ಟು, ದೊಡ್ಡ ಬ್ಯಾಟರಿ ಕೂರಿಸಿ, ಚಂದ್ರುವಿನ ಕೋಣೆಯ ಒಂದು ಪ್ಲಗ್ ಪಾಯಿಂಟ್‌ಗೆ ಲೈನ್ ಎಳೆದುಕೊಟ್ಟೆ. ಮೆಷಿನ್ ಹಾಕಿ ನೋಡಿದೆವು. ಗುಂಯ್ ಎಂಬ ಒಂದೇ ಸಮನಾದ ಸದ್ದು. ಅದರ ನಡುನಡುವೆ ಭುಸ್... ಟಕ್. ಭುಸ್... ಟಕ್. ಯಾರೋ ದೊಡ್ಡ ದೇಹದವರು ಪಕ್ಕದಲ್ಲಿ ಮಲಗಿ ಉಸಿರಾಡುತ್ತಿರುವ ಹಾಗೆ.

"ಎಷ್ಟು ಹೊತ್ತು ಬರುತ್ತೆ ಮೇಡಮ್ಮೋರೇ?" ಎಂದು ಚಂದ್ರು ಕೇಳಿದ. ಮೂಗಿಗೆ ಸಿಕ್ಕಿಸಿದ ಪಾರದರ್ಶಕ ನಳಿಕೆ ಕಿವಿಯ ಹಿಂದಿನಿಂದ ಇಳಿದು ನೆಲದ ಮೇಲೆ ಹರಿದಿತ್ತು.

"ಮೂರು ಗಂಟೆಗೆ ಮೋಸ ಇಲ್ಲ."

"ಮೂರು ಗಂಟೆ ಸಾಕು. ನಮ್ಮೂರಲ್ಲಿ ಅದಕ್ಕಿಂತ ಜಾಸ್ತಿ ಹೋದ್ರೆ ಲೈನ್‌ಮನ್ ಮನೆಗೇ ಹೋಗಿ ಮೈಕ್ ಕಟ್ತೀನಿ."

ನಕ್ಕ. ನಗು ಕೆಮ್ಮಾಯಿತು. ಟೀಚರ್ ಅವನ ಬೆನ್ನು ನೀವುತ್ತಾ, "ಮಾತು ಕಮ್ಮಿ ಮಾಡೋ ಮಾರಾಯ" ಎಂದರು. ಅವನು ಸುಮ್ಮನಾಗುವವನೇ ಅಲ್ಲ. ಆಮೇಲೆ ನಾನು ಎರಡು ಮೂರು ತಿಂಗಳಿಗೊಮ್ಮೆ ಬ್ಯಾಟರಿಗೆ ನೀರು ಹಾಕಲು ಹೋದಾಗೆಲ್ಲ ಹಾಸಿಗೆಯ ಮೇಲೆ ಯಾವುದಾದರೂ ಹಳೆಯ ಆಂಪ್ಲಿಫೈಯರ್ ಬಿಚ್ಚಿಟ್ಟುಕೊಂಡು ಕೂತಿರುತ್ತಿದ್ದ. "ಬನ್ನಿ, ಬನ್ನಿ. ನನ್ನ ಉಸಿರಿಗೆ ಆಯಿಲ್ ಬಿಡೋರು ಬಂದ್ರು ಅಕ್ಕಾ, ಕಾಫಿ ಇಡು" ಎನ್ನುತ್ತಿದ್ದ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಅವನಿಗೆ ಆಗದು ಎಂದು ಟೀಚರ್ ಸೋಲ್ಡರಿಂಗ್ ಕಡ್ಡಿಯನ್ನು ಬಚ್ಚಿಟ್ಟಿದ್ದರು. ಅದನ್ನು ಎಲ್ಲಿಟ್ಟಿದ್ದಾರೆ ಎಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು.

ಕಳೆದ ಬೇಸಿಗೆ. ಒಂದು ಸೋಮವಾರ ಚಂದ್ರು ಫೋನ್ ಮಾಡಿದ. "ಮೇಡಮ್ಮೋರೇ, ಬ್ಯಾಟರಿ ಇಪ್ಪತ್ತು ನಿಮಿಷಕ್ಕೇ ಕೂಗೋಕೆ ಶುರು ಮಾಡುತ್ತೆ. ಒಂದ್ಸಲ ನೋಡಿ."

"ನಾಳೆ ಬರ್ತೀನಿ" ಎಂದೆ.

ಮಂಗಳವಾರ ಹೋಗಲಿಲ್ಲ. ಬೇಸಿಗೆಯ ಗಾಳಿಗೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು. ಶಿವಮೊಗ್ಗದಲ್ಲೇ ಕೈತುಂಬ ಕೆಲಸ. ಬುಧವಾರ ಸಂಜೆ ಅವನು ಮತ್ತೆ ಮಾಡಿದ. ಬೈಯಲಿಲ್ಲ, ಒತ್ತಾಯಿಸಲಿಲ್ಲ. "ಬ್ಯುಸಿನಾ? ಪರವಾಗಿಲ್ಲ, ಈ ಕಡೆ ಬಂದಾಗ ಬನ್ನಿ" ಎಂದ. ಮಾತಿನ ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ನಾನು ಆಗ ವಿನೋಬನಗರದ ಒಂದು ಮನೆಯಲ್ಲಿದ್ದೆ. ಆ ಮನೆಯವರಿಗೆ ರಾತ್ರಿ ಕ್ರಿಕೆಟ್ ಮ್ಯಾಚ್ ನೋಡುವುದಿತ್ತು. ಟಿವಿಗೆ ಬ್ಯಾಕಪ್ ಬರುತ್ತಿಲ್ಲ ಎಂದು ಗಲಾಟೆ ಮಾಡುತ್ತಿದ್ದರು. ಭದ್ರಾವತಿಗೆ ಸ್ಕೂಟರಿನಲ್ಲಿ ಅರ್ಧ ಗಂಟೆಯ ಹಾದಿ. ಮನಸ್ಸು ಮಾಡಿದ್ದರೆ ಹೋಗಬಹುದಿತ್ತು. ಮ್ಯಾಚಿನವರ ಬ್ಯಾಟರಿ ಸರಿಮಾಡಿ ಮನೆಗೆ ಬಂದು ಊಟ ಮಾಡಿ ಮಲಗಿದೆ.

ಗುರುವಾರ ಬೆಳಿಗ್ಗೆ ಹೊಸ ಬ್ಯಾಟರಿಯನ್ನು ಲಗೇಜ್ ಆಟೋಗೆ ಹಾಕಿಸಿ ಜನ್ನಾಪುರಕ್ಕೆ ಹೋದೆ. ಅವರ ಬೀದಿ ತಿರುಗುವಾಗಲೇ ಕಂಡಿತು. ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು. ಬಾಗಿಲ ಬಳಿ ಹೊಗೆಯಾಡುವ ಬೆಂಕಿ. ಗಂಡಸರು ಕೈಕಟ್ಟಿ ನಿಂತಿದ್ದರು.

"ಮೇಡಂ, ಇದೇ ಮನೇನಾ?" ಎಂದು ಆಟೋದವನು ಕೇಳಿದ.

"ಅಲ್ಲ... ವಾಪಸ್ ತಿರುಗಿಸಿ" ಎಂದೆ.

ಇಳಿಯಲಿಲ್ಲ. ಮುಖ ನೋಡಲಿಲ್ಲ. ಆಮೇಲೆ ಒಂದು ಫೋನ್ ಕೂಡ ಮಾಡಲಿಲ್ಲ.

ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಫೋನಿನ ಮೇಲೆ "ಚಂದ್ರು ಮೈಕ್ ಸೆಟ್" ಎಂಬ ಹೆಸರು ಬಂತು. ನನ್ನ ಕೈಯಲ್ಲಿದ್ದ ಸ್ಪಾನರ್ ಕೆಳಗೆ ಬಿತ್ತು.

ಟೀಚರ್ ಅವನ ಫೋನಿನಿಂದ ಮಾಡಿದ್ದರು.

"ಸುಮಿತ್ರಾ ಅವ್ರೇ, ಯುಪಿಎಸ್ ದಿನಾ ರಾತ್ರಿ ಕೂಗುತ್ತೆ. ಎರಡು ಹತ್ತಕ್ಕೆ. ಕರೆಂಟ್ ಇದ್ರೂ ಕೂಗುತ್ತೆ. ಸ್ವಿಚ್ ಆಫ್ ಮಾಡಿಟ್ಟಿದ್ದೀನಿ, ಆದ್ರೂ... ಒಂದ್ಸಲ ಬಂದು ನೋಡ್ತೀರಾ?"

ಈ ಸಲ ನಾಳೆ ಎನ್ನಲಿಲ್ಲ. ಅವತ್ತೇ ಸಂಜೆ ಹೊರಟೆ. ರಾತ್ರಿ ಅಲ್ಲೇ ಇರುತ್ತೇನೆ, ಕೂಗುವುದನ್ನು ಕಿವಿಯಿಂದ ಕೇಳದೆ ರಿಪೇರಿ ಮಾಡಲಾಗುವುದಿಲ್ಲ ಎಂದು ನಮ್ಮ ಯಜಮಾನರಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಟೀಚರ್ ಮುಖ ನೋಡಿ ಹೇಳಬೇಕಾದ ಮಾತೊಂದಿತ್ತು. ಅದನ್ನು ಹೇಳಲು ಒಂದು ಇಡೀ ರಾತ್ರಿ ಬೇಕೆನಿಸಿತ್ತು.

ಟೀಚರ್ ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಾಗಿಲು ತೆಗೆದು, "ಬನ್ನಿ, ಕೈಕಾಲು ತೊಳ್ಕೊಳ್ಳಿ" ಎಂದರು. ಮನೆಯೊಳಗೆ ಡೆಟಾಲು ಮತ್ತು ಊದುಬತ್ತಿಯ ವಾಸನೆ. ಹಾಲ್‌ನಲ್ಲಿ ಚಂದ್ರುವಿನ ಫೋಟೋ ಇರಲಿಲ್ಲ. ಹಾರ ಹಾಕುವ ಧೈರ್ಯ ಬಂದಿರಲಿಲ್ಲವೇನೋ.

ಬ್ಯಾಟರಿಯ ಮುಚ್ಚಳಗಳನ್ನು ಒಂದೊಂದೇ ತಿರುಗಿಸಿ ತೆಗೆದೆ. ಆರು ಕೋಶಗಳೂ ಒಣಗಿದ್ದವು. ಟಾರ್ಚ್ ಬಿಟ್ಟರೆ ಒಳಗಿನ ತಗಡುಗಳು ಬೂದಿ ಬಳಿದ ಹಾಗೆ ಕಾಣುತ್ತಿದ್ದವು. ಟರ್ಮಿನಲ್‌ಗಳ ಮೇಲೆ ಬಿಳಿ ಪುಡಿ ಕಟ್ಟಿತ್ತು. ಮೀಟರ್ ಹಿಡಿದೆ. ಸತ್ತ ಬ್ಯಾಟರಿ. ಇದರಿಂದ ಒಂದು ಟಾರ್ಚಿನ ಬಲ್ಬೂ ಉರಿಯದು.

ಬೋರ್ಡಿನಲ್ಲಿ ಏನೋ ದೋಷವಿರಬೇಕು ಎಂದುಕೊಂಡು ಎಲ್ಲವನ್ನೂ ಕಳಚಿದೆ. ಗೋಡೆಯ ಪ್ಲಗ್ಗು ಕಿತ್ತೆ. ಬ್ಯಾಟರಿಯ ಎರಡೂ ವೈರು ಬಿಚ್ಚಿ, ತುದಿಗೆ ಟೇಪ್ ಸುತ್ತಿದೆ. ಯುಪಿಎಸ್ ಡಬ್ಬಿಯನ್ನು ಟ್ರಾಲಿಯ ಮೇಲೆ ಒಂದು ಕಡೆ, ಬ್ಯಾಟರಿಯನ್ನು ನೆಲದ ಮೇಲೆ ಇನ್ನೊಂದು ಕಡೆ ಇಟ್ಟೆ. ಕೋಣೆಯ ಪ್ಲಗ್ ಪಾಯಿಂಟಿಗೆ ಹೋಗುವ ಲೈನ್ ಒಂದನ್ನು ಮಾತ್ರ ಬಿಚ್ಚಲಿಲ್ಲ. ಅತ್ತ ಕರೆಂಟೇ ಹೋಗುವಂತಿಲ್ಲವಲ್ಲ, ಬಿಚ್ಚಿ ಏನಾಗಬೇಕು?

"ಇನ್ನು ಇದು ಕೂಗಲ್ಲ ಟೀಚರ್. ಕೂಗೋಕೆ ಜೀವ ಎಲ್ಲಿಂದ ಬರಬೇಕು?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಟೀಚರ್ ಮಾತ್ರ ಆ ಡಬ್ಬಿಯನ್ನೇ ನೋಡುತ್ತಿದ್ದರು. "ಕೆಟ್ಟಿದೆ ಅಂತ ಹೇಳಿಬಿಡಿ. ಕೆಟ್ಟು ಕೂಗ್ತಿದ್ರೆ ನಾನು ಮಲಗಬಹುದು."

ಚಪಾತಿ, ಹೆಸರುಕಾಳು ಪಲ್ಯ ಮಾಡಿದ್ದರು. ಇಬ್ಬರೂ ಒಂದೊಂದು ಚಪಾತಿ ತಿಂದು ಎದ್ದೆವು. ಊಟವಾದ ಮೇಲೆ ಚಂದ್ರುವಿನ ಕೋಣೆ ತೋರಿಸಿದರು. ಮೆಷಿನ್ ಕೊಟ್ಟವರು ಅದನ್ನು ವಾಪಸ್ ತೆಗೆದುಕೊಂಡು ಹೋಗಿದ್ದರು. ಬೇರೆ ಯಾರಿಗೋ ಬೇಕಾಗಿತ್ತಂತೆ. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಚಕ್ರದ ಗುರುತು. ಮಂಚ ಖಾಲಿ. ಮಂಚದ ತಲೆದೆಸೆಯ ಮೊಳೆಗೆ ಆ ಉದ್ದನೆಯ ನಳಿಕೆಯನ್ನು ಮಾತ್ರ ಸುತ್ತಿ ನೇತುಹಾಕಿದ್ದರು.

"ಅದನ್ನ ಬಿಸಾಕೋಕೆ ಆಗ್ಲಿಲ್ಲ" ಎಂದರು.

ನಾವಿಬ್ಬರೂ ಹಾಲ್‌ನಲ್ಲಿ ಚಾಪೆ ಹಾಸಿಕೊಂಡೆವು. ಹೊರಗೆ ಗಾಳಿ ಎದ್ದಿತ್ತು. ಪಕ್ಕದ ಮನೆಯ ತಗಡಿನ ಮಾಡು ಆಗೊಮ್ಮೆ ಈಗೊಮ್ಮೆ ಬಡಿದುಕೊಳ್ಳುತ್ತಿತ್ತು. ನ್ಯೂ ಟೌನ್ ಕಡೆಯಿಂದ ರೈಲಿನ ಕೂಗು ಕೇಳಿ, ದೂರವಾಗಿ, ನಿಂತಿತು. ಟೀಚರ್ ಮಲಗಲಿಲ್ಲ, ಗೋಡೆಗೆ ಒರಗಿ ಕೂತರು. ನನಗೆ ಯಾವಾಗಲೋ ಕಣ್ಣು ಹತ್ತಿತು.

ಎಚ್ಚರವಾದದ್ದು ಫ್ಯಾನು ನಿಂತಾಗ.

ಮೇಲೆ ರೆಕ್ಕೆಗಳು ನಿಧಾನವಾಗಿ ತಿರುಗಿ ತಿರುಗಿ ನಿಂತವು. ಕಿಟಕಿಯಾಚೆ ಬೀದಿದೀಪವೂ ಇರಲಿಲ್ಲ. ಇಡೀ ಜನ್ನಾಪುರ ಕತ್ತಲು. ಫೋನಿನಲ್ಲಿ ಗಂಟೆ ನೋಡಿದೆ. ಎರಡು ಹತ್ತು.

ಟೀಂ... ಟೀಂ... ಟೀಂ...

ಯುಪಿಎಸ್ ಕೂಗಿತು.

ಟಾರ್ಚ್ ಹಾಕಿದೆ. ಡಬ್ಬಿ ಟ್ರಾಲಿಯ ಮೇಲೆ, ಬ್ಯಾಟರಿ ನೆಲದ ಮೇಲೆ. ಮಧ್ಯೆ ಒಂದು ಗಜ ಖಾಲಿ ಜಾಗ. ಟೇಪ್ ಸುತ್ತಿದ ವೈರಿನ ತುದಿಗಳು ಹಾಗೇ ಜೋತುಬಿದ್ದಿದ್ದವು. ಡಬ್ಬಿಯ ಮುಖದ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಯುಪಿಎಸ್ ಒಳಗೆ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡುವ ಭಾಗಗಳಿರುತ್ತವೆ, ಅದರಿಂದ ಒಂದೆರಡು ಕ್ಷಣ ಕೂಗಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದೆರಡು ಕ್ಷಣ ಕಳೆಯಿತು. ಒಂದು ನಿಮಿಷ ಕಳೆಯಿತು. ಕೂಗು ತಾನಾಗಿ ನಿಂತಿತು. ಹಸಿರು ದೀಪ ಆರಲಿಲ್ಲ.

ಆಮೇಲೆ ಕೋಣೆಯಿಂದ ಬಂತು...

ಗುಂಯ್.

ಭುಸ್... ಟಕ್. ಭುಸ್... ಟಕ್.

ಎದ್ದು ಓಡಬೇಕೆನಿಸಿತು. ಟೀಚರ್ ಎದ್ದರು. ಹೆದರಿದವರ ಹಾಗಿರಲಿಲ್ಲ. ರಾತ್ರಿ ಮಗು ಅತ್ತರೆ ತಾಯಿ ಏಳುತ್ತಾಳಲ್ಲ, ಹಾಗೆ ಎದ್ದು ಸೀರೆ ಸರಿಮಾಡಿಕೊಂಡು ಕೋಣೆಯ ಕಡೆ ನಡೆದರು.

"ಟೀಚರ್, ಹೋಗ್ಬೇಡಿ..."

"ಇಷ್ಟು ದಿನ ಬರೀ ಕೂಗ್ತಿತ್ತು" ಎಂದರು ಪಿಸುದನಿಯಲ್ಲಿ. "ಈ ಸದ್ದು ಇವತ್ತೇ."

ಒಬ್ಬಳೇ ಹಾಲ್‌ನಲ್ಲಿ ಕೂರುವುದಕ್ಕಿಂತ ಅವರ ಹಿಂದೆ ಹೋಗುವುದೇ ವಾಸಿ ಎನಿಸಿತು. ಕೋಣೆಯಲ್ಲಿ ಟಾರ್ಚ್ ಸುತ್ತ ತಿರುಗಿಸಿದೆ. ಮಂಚ ಖಾಲಿ. ನೆಲ ಖಾಲಿ. ಪ್ಲಗ್ ಪಾಯಿಂಟಿನಲ್ಲಿ ಏನೂ ಸಿಕ್ಕಿಸಿಲ್ಲ. ಸದ್ದು ಮಾತ್ರ ಆ ನಾಲ್ಕು ಚಕ್ರದ ಗುರುತಿನ ಮೇಲಿಂದಲೇ ಬರುತ್ತಿತ್ತು. ಪಾದಕ್ಕೆ ನೆಲದ ಸಣ್ಣ ಅದುರು ಕೂಡ ತಗಲುತ್ತಿತ್ತು.

ಜೇಬಿನಲ್ಲಿ ಟೆಸ್ಟರ್ ಇತ್ತು. ಅದನ್ನು ಪ್ಲಗ್ ಪಾಯಿಂಟಿನ ತೂತಿಗೆ ಇಟ್ಟೆ. ಕೆಂಪಗೆ ಹೊತ್ತಿಕೊಂಡಿತು. ಊರಿಗೇ ಕರೆಂಟಿಲ್ಲ. ಬ್ಯಾಟರಿ ಇಲ್ಲ. ಟೆಸ್ಟರ್ ಉರಿಯುತ್ತಿದೆ.

ಹಿಂದೆ ತಿರುಗಿ ನೋಡಿದೆ. ಟೀಚರ್ ಮಂಚದ ಅಂಚಿನಲ್ಲಿ ಕೂತು, ಮೊಳೆಯಿಂದ ನಳಿಕೆ ಬಿಡಿಸಿಕೊಂಡು, ಮೂಗಿಗೆ ಸಿಕ್ಕಿಸುವ ತುದಿಯನ್ನು ತಮ್ಮ ಕೆನ್ನೆಗೆ ಹಿಡಿದಿದ್ದರು. ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ತಣ್ಣಗಿದೆ ನೋಡಿ" ಎಂದರು.

ಆ ತುದಿಯನ್ನು ನನ್ನ ಕಡೆ ಚಾಚಿದರು. ಮುಂಗೈ ಒಡ್ಡಿದೆ. ಸಣ್ಣಗೆ, ತಣ್ಣಗೆ ಒಣ ಗಾಳಿ ಬರುತ್ತಿತ್ತು. ಕೈಯ ರೋಮ ಅಲುಗುತ್ತಿತ್ತು. ಪ್ಲಾಸ್ಟಿಕ್ಕಿನ ತೆಳು ವಾಸನೆ. ನಳಿಕೆಯ ಇನ್ನೊಂದು ತುದಿ ಯಾವುದಕ್ಕೂ ಸೇರದೆ ನೆಲದ ಮೇಲೆ ಬಿದ್ದಿತ್ತು.

ಅಲ್ಲೇ ಗೋಡೆಗೆ ಒರಗಿ ಕೂತೆ. ಭುಸ್... ಟಕ್. ಹೆದರಿಕೆ ಸ್ವಲ್ಪ ಇಳಿದ ಮೇಲೆ ಉಳಿದದ್ದು ನಾಚಿಕೆ.

"ಟೀಚರ್... ಚಂದ್ರು ನಂಗೆ ಫೋನ್ ಮಾಡಿದ್ರು. ಎರಡು ಸಲ. ಬ್ಯಾಟರಿ ನಿಲ್ತಾ ಇಲ್ಲ ಅಂತ. ನಾಳೆ ಬರ್ತೀನಿ ಅಂದು ನಾನು ಬರ್ಲಿಲ್ಲ. ಅವತ್ತು ಯಾರದ್ದೋ ಮನೇಲಿ ಟಿವಿಗೆ..."

"ಗೊತ್ತು. ಫೋನ್ ಮಾಡುವಾಗ ಪಕ್ಕದಲ್ಲೇ ಇದ್ದೆ."

"ಗುರುವಾರ ಬೆಳಿಗ್ಗೆ..."

"ಆಟೋದಲ್ಲಿ ಬಂದು ತಿರುಗಿ ಹೋಗಿದ್ದನ್ನೂ ನೋಡಿದೆ."

ನಾನು ಮುಖ ಮುಚ್ಚಿಕೊಂಡೆ. ಬೈಯುತ್ತಾರೆ, ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ. ನಳಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಹೇಳುವ ಹಾಗೆ ಶುರುಮಾಡಿದರು.

"ಅವತ್ತು ಅವನಿಗೆ ಎರಡು ರಾತ್ರಿಯಿಂದ ನಿದ್ದೆ ಇರಲಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸಿದ್ರು. ಬುಧವಾರ ರಾತ್ರಿ ಮಗು ಥರ ಮಲಗಿದ. ನಾನೂ ಪಕ್ಕದಲ್ಲಿ ಚಾಪೆ ಹಾಕ್ಕೊಂಡು ಮಲಗಿದ್ದೆ. ನಿದ್ದೆಗಣ್ಣಲ್ಲಿ ಯುಪಿಎಸ್ ಕೂಗಿದ್ದು ಕೇಳಿಸ್ತು. ಕರೆಂಟ್ ಹೋದ ತಕ್ಷಣ ಒಂದ್ಸಲ ಕೂಗುತ್ತಲ್ಲ, ಹಂಗೇ ಅಂದ್ಕೊಂಡೆ. ಅವನಿಗೆ ಎಚ್ಚರ ಆಗಿಬಿಡುತ್ತೆ ಅಂತ ಎದ್ದು ಹೋಗಿ ಕೂಗು ನಿಲ್ಲಿಸೋ ಬಟನ್ ಒತ್ತಿ ಬಂದು ಮಲಗಿದೆ."

ಆ ಬಟನ್ ಒತ್ತಿದರೆ ಬ್ಯಾಟರಿ ಮುಗಿಯುವಾಗಿನ ಕೂಗೂ ನಿಂತುಹೋಗುತ್ತದೆ. ಮೆಷಿನ್ನಿಗೂ ಕರೆಂಟ್ ಹೋದರೆ ಕೂಗುವ ವ್ಯವಸ್ಥೆ ಇತ್ತು. ಹಳೆಯದು, ಅದು ಎಂದೋ ಕೆಟ್ಟಿತ್ತು. ಇಪ್ಪತ್ತು ನಿಮಿಷದ ಮೇಲೆ ಬ್ಯಾಟರಿ ಮುಗಿಯಿತು ಎಂದು ಎಚ್ಚರಿಸಲು ಆ ಮನೆಯಲ್ಲಿ ಏನೂ ಉಳಿದಿರಲಿಲ್ಲ.

"ಮಂಚದ ಪಕ್ಕದಲ್ಲೇ ತುಂಬಿದ ಆಕ್ಸಿಜನ್ ಸಿಲಿಂಡರ್ ಇತ್ತು ಸುಮಿತ್ರಾ. ನಳಿಕೆ ಮೆಷಿನ್ನಿಂದ ತೆಗೆದು ಅದಕ್ಕೆ ಹಾಕ್ಬೇಕಿತ್ತು. ಅಷ್ಟೇ. ಒಂದು ನಿಮಿಷದ ಕೆಲಸ."

"ಬೆಳಿಗ್ಗೆ..." ಎಂದೆ.

"ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಕರೆಂಟ್ ಬಂದಿತ್ತು. ಮೆಷಿನ್ ತಾನಾಗೇ ಶುರುವಾಗಿ ಓಡ್ತಾ ಇತ್ತು. ಇದೇ ಸದ್ದು. ಪರವಾಗಿಲ್ಲ, ಚೆನ್ನಾಗಿ ಮಲಗಿದಾನೆ, ಎಬ್ಬಿಸೋದು ಬೇಡ ಅಂತ ಹೋಗಿ ಕಾಫಿ ಮಾಡಿದೆ. ಎರಡು ಲೋಟ ಮಾಡಿದೆ ಮಾರಾಯ್ತಿ. ತಂದು ಕೊಡೋಕೆ ಕೈ ಮುಟ್ತೀನಿ..."

ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಇದನ್ನ ಯಾರಿಗೂ ಹೇಳಿಲ್ಲ" ಎಂದರು.

ನಾನು ಮಂಚದ ಬಳಿಗೆ ಸರಿದು ಅವರ ಪಾದದ ಪಕ್ಕ ಕೂತೆ. ಅವರ ಕೈ ನನ್ನ ತಲೆಯ ಮೇಲೆ ಬಂತು. ಯಾರು ಯಾರನ್ನು ಸಮಾಧಾನ ಮಾಡುತ್ತಿದ್ದೆವೋ ತಿಳಿಯದು. ಆ ಖಾಲಿ ಜಾಗ ನಮ್ಮ ಪಕ್ಕದಲ್ಲಿ ಉಸಿರಾಡುತ್ತಲೇ ಇತ್ತು.

ಒಂದು ಹೊತ್ತಿನಲ್ಲಿ ಟೀಚರ್, "ಎಷ್ಟು ಹೊತ್ತು ಓಡುತ್ತೆ ಇದು?" ಎಂದು ಕೇಳಿದರು.

ಬಾಯಿಗೆ ಬಂದ ಉತ್ತರ ಒಂದೇ. ಹೇಳಲಿಲ್ಲ.

ಮೂರಾಯಿತು. ನಾಲ್ಕಾಯಿತು. ಎಲ್ಲೋ ಮಸೀದಿಯ ಮೈಕ್ ಗರಗರ ಎಂದು ಸುಮ್ಮನಾಯಿತು; ಅವರಿಗೂ ಕರೆಂಟ್ ಸರಿಯಾಗಿರಲಿಲ್ಲವೇನೋ. ಟೀಚರ್ ಆಗಾಗ ನಳಿಕೆಯನ್ನು ಕೆನ್ನೆಗೆ ಇಟ್ಟುಕೊಂಡು ನೋಡುತ್ತಿದ್ದರು. ಐದು ಗಂಟೆ ದಾಟಿದ ಮೇಲೆ ಸದ್ದು ಬದಲಾಯಿತು. ಎರಡು ಭುಸ್‌ಗಳ ನಡುವಿನ ಅಂತರ ದೊಡ್ಡದಾಗುತ್ತಾ ಹೋಯಿತು.

"ಹೋಗ್ತಾನೆ" ಎಂದರು ಟೀಚರ್. "ಚಂದ್ರೂ... ಇಲ್ಲೇ ಇದ್ದೀನಿ ಕಣೋ. ಎಚ್ಚರವಾಗೇ ಇದ್ದೀನಿ."

ಭುಸ್...

ಟಕ್ ಎಂಬುದು ಬರಲಿಲ್ಲ.

ಫೋನ್ ನೋಡಿದೆ. ಐದು ಹತ್ತು. ಮೂರು ಗಂಟೆ. ಅವನಿಗೆ ನಾನು ಮಾತು ಕೊಟ್ಟಿದ್ದಷ್ಟು, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇಸಿಗೆಯ ಆ ರಾತ್ರಿಯೂ ಕರೆಂಟ್ ಹೋಗಿದ್ದು ಎರಡು ಹತ್ತಕ್ಕಂತೆ, ಬಂದದ್ದು ಐದರ ಹೊತ್ತಿಗಂತೆ. ಪಕ್ಕದ ಮನೆಯವರು ಹೇಳಿದ್ದಾಗಿ ಟೀಚರ್ ಆಮೇಲೆ ಹೇಳಿದರು.

ಬೆಳಕು ಹರಿದ ಮೇಲೆ ಯುಪಿಎಸ್ ಬಿಚ್ಚಿ ನೋಡಿದೆ. ಅದೇ ಒಣ ಬ್ಯಾಟರಿ, ಅದೇ ಟೇಪು. ಬೋರ್ಡು ನೆಟ್ಟಗಿತ್ತು. ದೋಷ ಸಿಗಲಿಲ್ಲ. ಸಿಕ್ಕಿತು ಎಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಟೀಚರ್ ತಲೆಯಾಡಿಸಿ, "ಬೇಡ. ತಗೊಂಡು ಹೋಗಿ ಇದನ್ನ" ಎಂದರು. ನಳಿಕೆಯನ್ನು ಕೊಡಲಿಲ್ಲ.

ಡಬ್ಬಿಯನ್ನು ತಂದು ನನ್ನ ಅಂಗಡಿಯ ಮೇಲಿನ ಹಲಗೆಯಲ್ಲಿ ಇಟ್ಟೆ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಬ್ಯಾಟರಿ ಜೋಡಿಸಲಿಲ್ಲ, ಪ್ಲಗ್ ಹಾಕಲಿಲ್ಲ. ಎಷ್ಟೋ ರಾತ್ರಿ ಎರಡು ಹತ್ತಕ್ಕೆ ಎದ್ದು ಬಂದು ಕೂತು ನೋಡಿದ್ದೇನೆ. ಸದ್ದಿಲ್ಲ.

ಟೀಚರ್ ಒಂದು ವಾರ ನೆಮ್ಮದಿಯಾಗಿದ್ದರು. ಆಮೇಲೆ ಫೋನುಗಳು ಶುರುವಾದವು. ಭದ್ರಾವತಿಯಲ್ಲಿ ರಾತ್ರಿ ಕರೆಂಟ್ ಹೋದರೆ ಸಾಕು, ನನ್ನ ಫೋನು ಹೊಡೆದುಕೊಳ್ಳುತ್ತಿತ್ತು.

"ಕೂಗಿತಾ?"

"ಇಲ್ಲ ಟೀಚರ್."

"ಸರಿ."

ಫೋನ್ ಇಡುತ್ತಿರಲಿಲ್ಲ. ನಾನೂ ಇಡುತ್ತಿರಲಿಲ್ಲ. ಅವರ ಉಸಿರು ನನಗೆ, ನನ್ನದು ಅವರಿಗೆ ಕೇಳಿಸುತ್ತಿತ್ತು. ಕೊಡಬಾರದಿತ್ತು, ಮನೆಯಲ್ಲೇ ಇಟ್ಟುಕೊಳ್ಳಬೇಕಿತ್ತು ಎಂದು ಒಮ್ಮೆ ಅತ್ತರು. ವಾಪಸ್ ತಂದುಕೊಡಲಾ ಎಂದೆ. ಬೇಡ ಎಂದರು.

ತಿಂಗಳು ಕಳೆದ ಹಾಗೆ ಫೋನು ಕಡಿಮೆಯಾಯಿತು. ಶಾಲೆ ಶುರುವಾಗಿತ್ತು. ಚಂದ್ರುವಿನ ಮೈಕ್ ಸೆಟ್ಟನ್ನು ಶಾಲೆಗೆ ಕೊಟ್ಟರಂತೆ. ಪ್ರಾರ್ಥನೆಗೆ ಅದನ್ನೇ ಹಾಕುತ್ತಾರಂತೆ. "ಹಾಳಾದ್ದು, ಕೊಂಯ್ ಅನ್ನುತ್ತೆ, ಅವನಿದ್ದಿದ್ರೆ ಒಂದು ಕುಟ್ಟು ಕುಟ್ಟಿ ಸರಿಮಾಡ್ತಿದ್ದ" ಎಂದು ನಕ್ಕರು. ಅವರು ನಕ್ಕದ್ದನ್ನು ಅಷ್ಟು ದಿನಗಳಲ್ಲಿ ಅದೇ ಮೊದಲು ಕೇಳಿದ್ದು. ಫೋಟೋಗೆ ಹಾರ ಹಾಕಿದೆ ಎಂದೂ ಹೇಳಿದರು. ಮಾತ್ರೆಯಿಲ್ಲದೆ ನಿದ್ದೆ ಬರುತ್ತಿದೆ ಎಂದರು.

ಮೊನ್ನೆ ಮಂಗಳವಾರ ರಾತ್ರಿ ಗಾಳಿಗೆ ಶಿವಮೊಗ್ಗಕ್ಕೂ ಭದ್ರಾವತಿಗೂ ಒಟ್ಟಿಗೇ ಕರೆಂಟ್ ಹೋಯಿತು. ನಾನು ನೀರು ಕುಡಿಯಲು ಎದ್ದಿದ್ದೆ. ಅಂಗಡಿಯ ಕೋಣೆಯಿಂದ ಕೇಳಿಸಿತು.

ಟೀಂ... ಟೀಂ... ಟೀಂ...

ಮೇಲಿನ ಹಲಗೆಯಲ್ಲಿ ಹಸಿರು ದೀಪ.

ಕೈಯಲ್ಲಿದ್ದ ಫೋನು ಅದುರಿತು. ಟೀಚರ್. ನಾನು ಹಿಂದಿನ ಬಾಗಿಲು ತೆಗೆದು ಹಿತ್ತಿಲಿಗೆ ಓಡಿದೆ. ಬಟ್ಟೆ ಒಗೆಯುವ ಕಲ್ಲಿನ ಆಚೆ ನಿಂತು ಫೋನ್ ಎತ್ತಿದೆ.

"ಯಾಕೋ ಎಚ್ಚರ ಆಯ್ತು" ಎಂದರು. ನಿದ್ದೆಯಿಂದ ಭಾರವಾದ ದನಿ. "ಕೂಗಿತಾ?"

"ಇಲ್ಲ ಟೀಚರ್. ಮಲ್ಕೊಳ್ಳಿ."

"ಹ್ಞೂಂ... ಸರಿ ಹಂಗಾದ್ರೆ." ಅವರೇ ಫೋನ್ ಇಟ್ಟರು.

ಒಳಗೆ ಬಂದೆ. ಇನ್ನೂ ಕೂಗುತ್ತಿತ್ತು. ಸ್ಟೂಲ್ ಹತ್ತಿ ಡಬ್ಬಿಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ತಾನಾಗಿ ಬಾಯಿಂದ ಬಂತು.

"ಚಂದ್ರು ಅವ್ರೇ... ಅಕ್ಕ ಈಗ ಮಲಗಿದಾರೆ. ಎಬ್ಬಿಸ್ಬೇಡಿ."

ಕೂಗು ಅಲ್ಲಿಗೇ ನಿಂತಿತು. ಹಸಿರು ದೀಪ ಒಮ್ಮೆ ಮಂಕಾಗಿ ಆರಿತು. ಕೈಯ ಕೆಳಗೆ ತಗಡು ನಿಧಾನವಾಗಿ ತಣ್ಣಗಾಗುತ್ತಾ ಹೋದದ್ದು ನನಗೆ ಗೊತ್ತಾಗುತ್ತಿತ್ತು.

ಇವತ್ತಿನವರೆಗೆ ಟೀಚರ್‌ಗೆ ಹೇಳಿಲ್ಲ. ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಅವನು ಯಾವತ್ತೂ ಒಂದೇ ಮಾತಿಗೆ ಸುಮ್ಮನಾದವನಲ್ಲ, ಅವತ್ತು ಆದ. ಅಷ್ಟು ದಿನ ಸುಮ್ಮನಿದ್ದು ಮತ್ತೆ ಕೂಗಿದನೆಂದರೆ ಏನೋ ಬೇಕಿತ್ತಲ್ಲವೇ?

ಏನು ಬೇಕಿತ್ತೆಂದು ನಾನು ಕೇಳಲೇ ಇಲ್ಲ.